ಕಿವಿ ಕೆರೆದುಕೊಂಡ ಸನ್ಯಾಸಿಗಳು

ಫ್ರಾನ್ಸಿನ ಕ್ಲೂನಿ ಮಠದಲ್ಲಿ ದಿನದ ಹೆಚ್ಚುಪಾಲು ಬಾಯಿ ತೆರೆಯುವಂತಿರಲಿಲ್ಲ. ತೆರೆದರೆ ಕೀರ್ತನೆ ಹಾಡುವುದಕ್ಕೆ, ಇಲ್ಲವೇ ತುತ್ತು ಇಟ್ಟುಕೊಳ್ಳುವುದಕ್ಕೆ. 910ರಲ್ಲಿ ಹುಟ್ಟಿದ ಆ ಮಠಕ್ಕೆ ಮೌನದ ಮೇಲೆ ಅಷ್ಟು ನಿಷ್ಠೆ. ಆದರೆ ಬಾಯಿ ಮುಚ್ಚಿಕೊಂಡ ಮಾತ್ರಕ್ಕೆ ಬೇಕುಗಳು ಸುಮ್ಮನಾಗುತ್ತವೆಯೆ? ಅಡುಗೆಮನೆಯವನಿಗೆ ಚಾಕು ಬೇಕು, ಊಟಕ್ಕೆ ಕುಳಿತವನಿಗೆ ಇನ್ನೊಂದು ರೊಟ್ಟಿ ಬೇಕು. ಹಾಗಾಗಿ ಅವರು ಕೈಸನ್ನೆಗಳದೇ ಒಂದು ಉದ್ದನೆಯ ಪಟ್ಟಿ ಮಾಡಿಕೊಂಡರು. ಹನ್ನೊಂದನೆಯ ಶತಮಾನದಲ್ಲಿ ಅದನ್ನು ಬರೆದೂ ಇಟ್ಟರು. ಎರಡೂ ಕೈಗಳ ಹೆಬ್ಬೆರಳು, ತೋರುಬೆರಳು ಸೇರಿಸಿ ದುಂಡಗೆ ಹಿಡಿದರೆ ರೊಟ್ಟಿ. ಅಂಗೈಯನ್ನು ಬಾಲದ ಹಾಗೆ ಆಡಿಸಿದರೆ ಮೀನು. ಗಾಳಿಯಲ್ಲಿ ಹಾಳೆ ಮಗುಚಿದರೆ ಪುಸ್ತಕ.

ಪುಸ್ತಕಗಳಲ್ಲೂ ಜಾತಿಗಳುಂಟಷ್ಟೆ. ಕ್ರಿಸ್ತನನ್ನು ಅರಿಯದೆ ಜುಪಿಟರ್, ವೀನಸ್ ಎಂದು ಹಾಡಿಕೊಂಡು ಹೋದ ಹಳೆಯ ರೋಮಿನ ಕವಿಗಳನ್ನು ಚರ್ಚಿನವರು ‘ಪೇಗನ್’ ಎಂದು ಕರೆದು ದೂರ ಕೂರಿಸಿದ್ದರು. ವರ್ಜಿಲ್, ಹೊರೇಸ್, ಓವಿಡ್, ಇವರೆಲ್ಲ ಆ ಪಂಕ್ತಿಯವರು. ಕ್ಲೂನಿಯಲ್ಲಿ ಇವರ ಪುಸ್ತಕ ಬೇಕಾದವನು ಮೊದಲು ಗಾಳಿಯಲ್ಲಿ ಹಾಳೆ ಮಗುಚಿ, ಆಮೇಲೆ ನಾಯಿ ಕಾಲಿನಿಂದ ಕೆರೆದುಕೊಳ್ಳುವ ಹಾಗೆ ಬೆರಳಿನಿಂದ ತನ್ನ ಕಿವಿ ಕೆರೆದುಕೊಳ್ಳಬೇಕು. ಕಾರಣವನ್ನೂ ಆ ಪಟ್ಟಿಯೇ ಕೊಡುತ್ತದೆ: ಅಂಥವರನ್ನು ಆ ಪ್ರಾಣಿಗೆ ಹೋಲಿಸುವುದು ನ್ಯಾಯವಂತೆ.

ಓದಿದಾಗ ನಕ್ಕುಬಿಟ್ಟೆ. ನಗು ಇಳಿದ ಮೇಲೆ ಮನಸ್ಸು ಯಾಕೋ ಆ ಕಿವಿಯ ಹತ್ತಿರವೇ ಸುಳಿದಾಡತೊಡಗಿತು. ಯಾರೂ ಕೇಳದ ವಸ್ತುವಿಗೆ ಸನ್ನೆ ಮಾಡಿಕೊಳ್ಳುವ ಉಸಾಬರಿ ಯಾರಿಗೆ ಬೇಕು? ಸನ್ನೆ ಇತ್ತೆಂದರೆ ಕಪಾಟಿನಲ್ಲಿ ಆ ನಾಯಿಗಳಿದ್ದವು, ಕೇಳುವವರಿದ್ದರು, ಕೇಳಿದರೆ ತೆಗೆದುಕೊಡುವವರೂ ಇದ್ದರು. ಮೊದಲು ಬೈಯಬೇಕು, ಆಮೇಲೆ ಓದಬಹುದು; ಅಷ್ಟೇ ಕಟ್ಟಳೆ. ಎಳೆಯ ಸನ್ಯಾಸಿಯೊಬ್ಬ ಮುಖದಲ್ಲಿ ಸಾಕಷ್ಟು ತಿರಸ್ಕಾರ ತಂದುಕೊಂಡು, ಎದೆ ಡವಗುಟ್ಟುತ್ತಿರಲು, ಪುಸ್ತಕದ ಉಸ್ತುವಾರಿಯವನ ಮುಂದೆ ನಿಂತು ಕಿವಿ ಕೆರೆದುಕೊಳ್ಳುವುದನ್ನು ಊಹಿಸಿಕೊಳ್ಳುತ್ತೇನೆ. ನಿಜವಾಗಿ ಕಿವಿ ತುರಿಸಿದ ಯಾವನೋ ಬಡಪಾಯಿಯ ಕೈಗೆ ಬೇಡದ ಓವಿಡ್ ಬಂದು ಬಿದ್ದದ್ದೂ ಉಂಟೋ ಏನೋ.

ಈ ಲೋಕದ ಬಾಗಿಲು ನನಗೆ ತೆರೆದದ್ದು ಮಂಗಳೂರಿನ ಒಬ್ಬ ಮುದಿ ಪಾದ್ರಿಯಿಂದ. ಅರುವತ್ತರ ದಶಕದಲ್ಲಿ ಪೂಜೆಯ ಭಾಷೆ ಬದಲಾಗುವವರೆಗೂ ಕರಾವಳಿಯ ಇಗರ್ಜಿಗಳಲ್ಲಿ ಲ್ಯಾಟಿನ್ ಕೇಳಿಸುತ್ತಿತ್ತು. ಪಾದ್ರಿಯಾಗಲು ಹೊರಟ ಹುಡುಗರಿಗೆ ಅದನ್ನು ಕಲಿಸುವವರೂ ಬೇಕಾಗಿದ್ದರು. ಇವರು ಹಾಗೆ ಕಲಿಸಿ, ಕಲಿಯುವವರು ಕಡಿಮೆಯಾದ ಮೇಲೆ ನಿವೃತ್ತರಾಗಿ, ವಯಸ್ಸಾದ ಪಾದ್ರಿಗಳಿರುವ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದರು. ಮೇಷ್ಟ್ರ ಕೆಲಸಕ್ಕೆಂದು ಆ ಊರಿಗೆ ಹೋಗಿದ್ದ ನಾನು, ಪುಸ್ತಕ ಸಿಗುತ್ತದೆ ಎಂಬ ಒಂದೇ ಆಸೆಯಿಂದ ಸಂಜೆ ಹೊತ್ತು ಅವರ ಬಳಿ ಹೋಗುತ್ತಿದ್ದೆ. ಅವರ ಕಪಾಟಿನಲ್ಲಿ ಎರಡು ಸಾಲು. ಮುಂದಿನ ಸಾಲಿನಲ್ಲಿ ಸಂತರ ಚರಿತ್ರೆಗಳು, ಹಿಂದಿನ ಸಾಲಿನಲ್ಲಿ ರೋಮಿನ ಕವಿಗಳು. ಹಿಂದಿನ ಸಾಲಿಗೆಲ್ಲ ಹಳೆಯ ಇಗರ್ಜಿ ಕ್ಯಾಲೆಂಡರಿನ ರಟ್ಟು. ಓವಿಡನ ಪ್ರಣಯ ಪದ್ಯಗಳ ಮೈಮೇಲೆ, ಬಾಲಯೇಸುವನ್ನು ಎತ್ತಿಕೊಂಡ ಸಂತ ಅಂತೋನಿ ಮುಗುಳ್ನಗುತ್ತಿದ್ದ.

“ಇದೇನು ಫಾದರ್, ಇವರಿಗೆ ಈ ಅಂಗಿ?” ಎಂದು ಕೇಳಿದ್ದೆ.

“ಎಂಥದ್ದು ಮಾರಾಯ, ಈ ಊರಿನ ಮಳೆ ನಿನಗೆ ಗೊತ್ತಿಲ್ಲವಾ? ಬೂಷ್ಟು ಹಿಡಿಯುತ್ತದೆ. ಅದಕ್ಕೆ.”

ಮುಂದಿನ ಸಾಲಿನ ಸಂತರು ಅದೇ ಮಳೆಯಲ್ಲಿ ಬರಿಮೈಯಲ್ಲಿ ನಿಂತು ಬೂಷ್ಟು ಹಿಡಿಸಿಕೊಂಡಿದ್ದರು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಇಬ್ಬರೂ ಮಾತು ಬದಲಿಸಿದೆವು. ಆಮೇಲೆ ಅವರು ಹೇಳಿದ ಕತೆಗಳ ಬೆನ್ನು ಹತ್ತಿ ನಾನು ಓದಿದ್ದೆಲ್ಲ ಒಂದು ರೀತಿಯಲ್ಲಿ ಆ ರಟ್ಟಿನ ಚರಿತ್ರೆಯೇ. ಸಾವಿರ ವರ್ಷ ಕಾಲ ಯುರೋಪಿನ ಭಕ್ತರು ತಾವು ಪ್ರೀತಿಸಬಾರದ ಕವಿಗಳಿಗೆ ಒಂದೊಂದು ನೆಪದ ಹೊದಿಕೆ ಹೊದಿಸುತ್ತ ಬಂದರು.

ನೆಪಗಳ ಪೈಕಿ ನನಗೆ ತುಂಬ ಇಷ್ಟವಾದದ್ದು ಸಂತ ಜೆರೋಮನದು. ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಮಹಾನುಭಾವ, ಮಹಾ ಕೋಪಿಷ್ಠ. ಮನೆ, ತಂಗಿ, ರುಚಿಯಾದ ಊಟ ಎಲ್ಲವನ್ನೂ ಬಿಟ್ಟು ವೈರಾಗ್ಯಕ್ಕೆಂದು ಪೂರ್ವದೇಶಕ್ಕೆ ಹೊರಟವನಿಗೆ ರೋಮಿನಲ್ಲಿ ಕೂಡಿಸಿದ್ದ ಪುಸ್ತಕಗಳನ್ನು ಮಾತ್ರ ಬಿಡಲಾಗಲಿಲ್ಲ. ಉಪವಾಸ ಮಾಡುವುದು, ಆಮೇಲೆ ರೋಮಿನ ವಾಗ್ಮಿ ಸಿಸೆರೊನನ್ನು ಓದುವುದು. ರಾತ್ರಿಯೆಲ್ಲ ಪಾಪಗಳನ್ನು ನೆನೆದು ಅಳುವುದು, ಕಣ್ಣೊರೆಸಿಕೊಂಡು ಪ್ಲಾಟಸನ ಪ್ರಹಸನ ಕೈಗೆತ್ತಿಕೊಳ್ಳುವುದು. ನಡುವೆ ಪ್ರವಾದಿಗಳ ಗ್ರಂಥ ತೆರೆದರೆ ಶೈಲಿ ಒರಟು ಅನ್ನಿಸುವುದು. ಹೀಗಿರುವಾಗ ತಪಸ್ಸುಕಾಲದ ನಡುವೆ ಜ್ವರ ಬಂದು ಮೈ ತಣ್ಣಗಾಗತೊಡಗಿತು; ಸುತ್ತಲಿನವರು ಉತ್ತರಕ್ರಿಯೆಗೆ ಅಣಿಮಾಡತೊಡಗಿದರು. ಆಗ ಬಿದ್ದ ಕನಸನ್ನು ಅವನೇ 384ರ ಒಂದು ಕಾಗದದಲ್ಲಿ ವರ್ಣಿಸಿದ್ದಾನೆ. ದೈವದ ನ್ಯಾಯಪೀಠದ ಮುಂದೆ ಎಳೆದೊಯ್ದರು, ಯಾರೆಂದು ಕೇಳಿದರು, ಕ್ರೈಸ್ತ ಎಂದ. ನ್ಯಾಯಾಧೀಶ ಅದನ್ನು ಸುಳ್ಳೆಂದು ತಳ್ಳಿಹಾಕಿ, ನೀನು ಸಿಸೆರೊನ ಕಡೆಯವನು ಎಂದು ಚಾಟಿಯ ಶಿಕ್ಷೆ ವಿಧಿಸಿದ. ನೆರೆದವರು ಹುಡುಗ ಬುದ್ಧಿ, ಕ್ಷಮಿಸಿ ಎಂದು ಬೇಡಿಕೊಂಡರು. ಇನ್ನೆಂದೂ ಲೌಕಿಕ ಪುಸ್ತಕ ಮುಟ್ಟುವುದಿಲ್ಲ ಎಂದು ಆಣೆ ಇಟ್ಟ ಮೇಲೆಯೇ ಬಿಡುಗಡೆ. ಎಚ್ಚರವಾದಾಗ ಹೆಗಲ ಮೇಲೆ ಬಾಸುಂಡೆಗಳಿದ್ದವಂತೆ.

ಇಷ್ಟಾದ ಮೇಲೆ ಅವನ ಬರಹದಲ್ಲಿ ವರ್ಜಿಲ್, ಹೊರೇಸರು ಕಡಿಮೆಯಾದರೇ? ಇಲ್ಲ. ಹಳೆಯ ಗೆಳೆಯ ರುಫಿನಸ್, ಜಗಳವಾದ ಮೇಲೆ, ಇದನ್ನೆಲ್ಲ ಪಟ್ಟಿ ಮಾಡಿ ಹಂಗಿಸಿದ: ಬೆತ್ಲೆಹೇಮಿನಲ್ಲಿ ಮಠ ಕಟ್ಟಿಕೊಂಡು, ದೈವಭಕ್ತಿ ಕಲಿಯಲು ಬಂದ ಹುಡುಗರಿಗೆ ವರ್ಜಿಲ್ ಪಾಠ ಹೇಳುತ್ತಾನಲ್ಲ, ಆ ಆಣೆ ಎಲ್ಲಿ ಹೋಯಿತು? ಜೆರೋಮ್ ಕೊಟ್ಟ ಉತ್ತರದ ಸಾರವಿಷ್ಟು: ಅದು ಕನಸು ಮಹರಾಯ, ಕನಸಿನಲ್ಲಿ ಕೊಟ್ಟ ಮಾತಿಗೆ ಎಚ್ಚರದಲ್ಲಿ ಲೆಕ್ಕ ಕೇಳುತ್ತಾರೆಯೆ? ಬಾಸುಂಡೆಗಳ ವಿಷಯ ಅವನು ಎತ್ತಲಿಲ್ಲ. ಮುಪ್ಪಿನ ಮುನಿಸಿನಲ್ಲೂ ಅವನು ಒಂದು ಮಾತು ನಿಜ ಹೇಳಿದ: ಎಳವೆಯಲ್ಲಿ ಕಲಿತದ್ದನ್ನು ಮರೆಯುವುದು ಹೇಗೆ? ಪದ್ಯ ಬಾಯಿಪಾಠವಾಗಿ ನೆತ್ತರಿಗೆ ಇಳಿದ ಮೇಲೆ ಅದನ್ನು ಹೊರಹಾಕುವ ಪ್ರಾಯಶ್ಚಿತ್ತವನ್ನು ಯಾವ ಧರ್ಮವೂ ಇನ್ನೂ ಕಂಡುಹಿಡಿದಿಲ್ಲ.

ಎಚ್ಚರವಿದ್ದಾಗ ಕೊಡಲು ಜೆರೋಮನ ಬಳಿ ಇನ್ನೊಂದು ನೆಪವೂ ಇತ್ತು. ಯುದ್ಧದಲ್ಲಿ ಸೆರೆಸಿಕ್ಕ ಚೆಲುವೆಯ ಮೇಲೆ ಮನಸ್ಸಾದರೆ, ಅವಳ ತಲೆ ಬೋಳಿಸಿ, ಉಗುರು ಕತ್ತರಿಸಿ, ತಿಂಗಳ ಕಾಲ ತವರನ್ನು ನೆನೆದು ಅಳಲು ಬಿಟ್ಟು, ಆಮೇಲೆ ಮದುವೆಯಾಗಬಹುದೆಂದು ಬೈಬಲ್ಲಿನ ಧರ್ಮೋಪದೇಶಕಾಂಡದಲ್ಲಿ ಕಟ್ಟಳೆಯಿದೆ. ಪೇಗನ್ ಕಾವ್ಯವೂ ಹಾಗೆಯೇ, ಕೊಳೆ ಕಳೆದು ಮನೆ ತುಂಬಿಸಿಕೊಳ್ಳುತ್ತೇನೆ ಎಂದ. ಸಂತ ಅಗಸ್ಟಿನನದು ಇನ್ನೂ ಅಚ್ಚುಕಟ್ಟಾದ ವಾದ. ಈಜಿಪ್ಟ್ ಬಿಟ್ಟು ಹೊರಟ ಇಸ್ರಯೇಲರು ದೇವರ ಅಪ್ಪಣೆಯಂತೆ ಅಲ್ಲಿಯ ಚಿನ್ನ ಬೆಳ್ಳಿ ಹೊತ್ತುಕೊಂಡು ಬಂದರಲ್ಲ. ಹಾಗೆಯೇ ಪೇಗನ್ನರಲ್ಲಿ ಒಳ್ಳೆಯದೇನಿದೆಯೋ ಅದು ನಮ್ಮದು. ಈಜಿಪ್ಟಿನ ಈ ಚಿನ್ನ ಮುಂದಿನ ಸಾವಿರ ವರ್ಷ ಚಲಾವಣೆಯಲ್ಲಿತ್ತು. ನನಗೇನೋ ಅಗಸ್ಟಿನನ ವಾದಕ್ಕಿಂತ ಅವನ ಅಳು ಹೆಚ್ಚು ಹತ್ತಿರ. ಉತ್ತರ ಆಫ್ರಿಕಾದ ಪುಟ್ಟ ಊರಿನ ಶಾಲೆಯಲ್ಲಿ ಗ್ರೀಕ್ ಎಂದರೆ ಮೈ ಉರಿಯುತ್ತಿದ್ದ ಆ ಹುಡುಗ, ವರ್ಜಿಲನ ಈನಿಯಡ್ ಕಾವ್ಯದಲ್ಲಿ ಪ್ರೇಮಭಂಗದಿಂದ ಸತ್ತ ರಾಣಿ ಡೈಡೋಗಾಗಿ ಗಳಗಳ ಅತ್ತಿದ್ದ. ಬಿಷಪ್ಪನಾದ ಮೇಲೆ ತನ್ನ ‘ತಪ್ಪೊಪ್ಪಿಗೆಗಳು’ ಪುಸ್ತಕದಲ್ಲಿ ಆ ಕಣ್ಣೀರನ್ನು ಬೈದುಕೊಳ್ಳುತ್ತಾನೆ: ದೇವರಿಂದ ದೂರವಾದ ತನಗಾಗಿ ಅಳದೆ, ಯಾವಳೋ ಇಲ್ಲದ ರಾಣಿಗಾಗಿ ಅತ್ತನಲ್ಲ! ಬೈಗುಳವೇನೋ ಸರಿಯೇ. ಆದರೆ ಮೂವತ್ತು ವರ್ಷಗಳಾಚೆಯ ಆ ಅಳುವಿನ ನೆನಪು ಅವನಲ್ಲಿ ಎಷ್ಟು ಹಸಿಯಾಗಿದೆ ನೋಡಿ. ಮರೆತುಹೋದ ಹೆಣ್ಣಿನ ಮೇಲೆ ಯಾರೂ ಅಷ್ಟು ಸಿಟ್ಟಾಗುವುದಿಲ್ಲ.

386ರಲ್ಲಿ, ದೀಕ್ಷಾಸ್ನಾನಕ್ಕೆ ಮುಂಚೆ, ತಾಯಿ ಮೊನಿಕಾಳನ್ನೂ ಕೆಲವು ಶಿಷ್ಯರನ್ನೂ ಕಟ್ಟಿಕೊಂಡು ಅಗಸ್ಟಿನ್ ಮಿಲಾನಿನ ಬಳಿಯ ಒಂದು ಹಳ್ಳಿಮನೆಯಲ್ಲಿ ಕೆಲವು ಕಾಲ ಇದ್ದ. ಬೆಳಗಿನಿಂದ ತತ್ತ್ವಚರ್ಚೆ, ರಾತ್ರಿ ಊಟಕ್ಕೆ ಮುಂಚೆ ವರ್ಜಿಲನ ಅರ್ಧ ಕಾಂಡ. ಲಿಸೆಂಟಿಯಸ್ ಎಂಬ ಶಿಷ್ಯ ಪಿರಮಸ್ ಮತ್ತು ಥಿಸ್ಬೆಯ ಪ್ರೇಮಕಥೆಯನ್ನು ಪದ್ಯವಾಗಿಸುವ ಅಮಲಿನಲ್ಲಿದ್ದ. ಅದೇ ಹುಡುಗನಿಗೆ ಒಂದು ರಾತ್ರಿ ಕೀರ್ತನೆಯ ಗುಂಗು ಹಿಡಿದು, ಪಾಯಖಾನೆಯಲ್ಲಿ ಕುಳಿತೇ ಗಟ್ಟಿಯಾಗಿ ಹಾಡಿದ. ಮೊನಿಕಾ ಬಂದು, ಜಾಗದ ಪರಿವೆ ಬೇಡವೇ ಎಂದು ಗದರಿದಳು. ಸಂತನ ತತ್ತ್ವಸಂವಾದದ ನಡುವೆ ಈ ಪ್ರಸಂಗ ಅಚ್ಚಳಿಯದೆ ಕುಳಿತಿದೆ. ಇದನ್ನು ಹೇಳುವಾಗಲೆಲ್ಲ ಫಾದರ್ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಬಾಯಲ್ಲಿ ಬೇಡದ ಕಡೆ ಕೀರ್ತನೆ, ಎದೆಯಲ್ಲಿ ಬೇಡದ ಹೊತ್ತಿನಲ್ಲಿ ವರ್ಜಿಲ್ – ಪಾಪ, ಆ ಮನೆಯಲ್ಲಿ ಯಾವುದೂ ತನ್ನ ಜಾಗದಲ್ಲಿರಲಿಲ್ಲ.

ನಾಲ್ಕು ಶತಮಾನ ಕಳೆದರೂ ರೋಗ ಇಳಿಯಲಿಲ್ಲ. ಚಕ್ರವರ್ತಿ ಶಾರ್ಲಮೇನನ ಆಸ್ಥಾನದಲ್ಲಿ ಇಂಗ್ಲೆಂಡಿನ ಯಾರ್ಕಿನಿಂದ ಬಂದ ಅಲ್ಕ್ವಿನ್ ಎಂಬ ಪಂಡಿತನಿದ್ದ. ಆ ಗೋಷ್ಠಿಯಲ್ಲಿ ಒಬ್ಬರಿಗೊಬ್ಬರು ಇಟ್ಟುಕೊಂಡ ಅಡ್ಡಹೆಸರುಗಳೇ ಮೋಜು. ಚಕ್ರವರ್ತಿ ದಾವೀದ, ಆಂಗಿಲ್ಬರ್ಟ್ ಎಂಬವನು ಹೋಮರ್, ಅಲ್ಕ್ವಿನ್ ಸ್ವತಃ ಹೊರೇಸನ ಕುಲನಾಮವಾದ ಫ್ಲಾಕಸ್. ಅವನ ಚರಿತ್ರೆ ಬರೆದವನು ಹೇಳುವ ಕತೆಯಂತೆ, ಹನ್ನೊಂದು ವರ್ಷದವನಿದ್ದಾಗ ಅಲ್ಕ್ವಿನನಿಗೆ ಕೀರ್ತನೆಗಳಿಗಿಂತ ವರ್ಜಿಲನ ಮೇಲೇ ಮನಸ್ಸು. ಒಂದು ರಾತ್ರಿ ಕೋಣೆಗೆ ದೆವ್ವಗಳು ನುಗ್ಗಿ, ಪ್ರಾರ್ಥನೆಗೆ ಏಳದೆ ಮಲಗಿದ್ದ ಇನ್ನೊಬ್ಬನನ್ನು ಬಡಿದು, ಹೊದಿಕೆಯೊಳಗೆ ನಡುಗುತ್ತಿದ್ದ ಇವನ ಪಾದಕ್ಕೂ ಚಾಕುವಿನ ಶಾಸ್ತಿ ಮಾಡೋಣವೇ ಎಂದು ಮಾತಾಡಿಕೊಂಡವಂತೆ. ಇನ್ನು ಕೀರ್ತನೆಯನ್ನೇ ಹೆಚ್ಚು ಪ್ರೀತಿಸುತ್ತೇನೆ ಎಂದು ಹುಡುಗ ಮನಸ್ಸಿನಲ್ಲೇ ಮಾತು ಕೊಟ್ಟ.

ಮುಪ್ಪಿನಲ್ಲಿ ಟೂರ್ ನಗರದ ಮಠಾಧಿಪತಿಯಾದಾಗ ಅವನು ಹುಡುಗರಿಗೆ ವರ್ಜಿಲನನ್ನೇ ನಿಷೇಧಿಸಿದ. ಶಿಷ್ಯ ಸಿಗುಲ್ಫ್ ಕೇಳಲಿಲ್ಲ. ಪಠ್ಯಪುಸ್ತಕದ ನಡುವೆ ಪತ್ತೇದಾರಿ ಕಾದಂಬರಿ ಇಟ್ಟುಕೊಂಡ ನಮ್ಮ ಕಾಲೇಜು ಹುಡುಗರ ಹಾಗೆ, ಇಬ್ಬರು ಮರಿಶಿಷ್ಯರನ್ನು ಕೂಡಿಸಿಕೊಂಡು ಗುಟ್ಟಾಗಿ ವರ್ಜಿಲ್ ಪಾಠ ನಡೆಸಿದ. ಅಲ್ಕ್ವಿನ್ ಅವನನ್ನು ಕರೆಸಿ, ಹೆಸರು ಹಿಡಿಯದೆ, ವರ್ಜಿಲನ ಕಡೆಯವನೇ ಎಂದು ಸಂಬೋಧಿಸಿದ. ಸಿಗುಲ್ಫ್ ಕಾಲಿಗೆ ಬಿದ್ದು ತಪ್ಪೊಪ್ಪಿಕೊಂಡ. ಗುರುವಿಗೆ ದಿವ್ಯದೃಷ್ಟಿಯಿಂದ ತಿಳಿಯಿತು ಎಂದು ಚರಿತ್ರೆಕಾರ ಬೆರಗಾಗುತ್ತಾನೆ. ದಿವ್ಯದೃಷ್ಟಿ ಯಾತಕ್ಕೆ? ಅದೇ ಕಳ್ಳತನವನ್ನು ಎಳವೆಯಲ್ಲಿ ಮಾಡಿದವನಿಗೆ ಕಳ್ಳನ ಮುಖ ನೋಡಿದರೆ ಸಾಕು. ಟ್ರಿಯರಿನ ಆರ್ಚ್‌ಬಿಷಪ್ಪನಾಗಿದ್ದ ಗೆಳೆಯನಿಗೆ, ಸುವಾರ್ತೆಗಿಂತ ನಿನಗೆ ವರ್ಜಿಲನೇ ಹೆಚ್ಚಾದನೇ ಎಂದು ಮುನಿಸಿನ ಕಾಗದವನ್ನೂ ಬರೆದ ಮನುಷ್ಯ ಈತ. ತನ್ನ ಪದ್ಯಗಳ ತುಂಬ ವರ್ಜಿಲನ ನುಡಿಗಟ್ಟುಗಳು ಹರಡಿಕೊಂಡಿವೆ ಎಂಬುದನ್ನು ಅವನು ಗಮನಿಸಿದ ಹಾಗೆ ಕಾಣುವುದಿಲ್ಲ.

ಒಂಬತ್ತನೆಯ ಶತಮಾನದ ಎರ್ಮೆನ್ರಿಚ್ ಎಂಬ ಜರ್ಮನ್ ಸನ್ಯಾಸಿ, ವರ್ಜಿಲನನ್ನು ಓದಿ ಪುಸ್ತಕವನ್ನು ತಲೆಯ ಕೆಳಗಿಟ್ಟುಕೊಂಡು ಮಲಗಿದ. ಮೊದಲ ಜೊಂಪಿನಲ್ಲೇ ಕಪ್ಪಗೆ ಭಯಂಕರವಾದ ಒಂದು ಆಕೃತಿ, ಕೈಯಲ್ಲಿ ಪುಸ್ತಕ, ಕಿವಿಯ ಬಳಿ ಲೇಖನಿ ಸಿಕ್ಕಿಸಿಕೊಂಡು ಬಂದು ಇವನನ್ನು ನೋಡಿ ನಗತೊಡಗಿತು. ಎದ್ದವನೇ ಶಿಲುಬೆಯ ಗುರುತು ಮಾಡಿಕೊಂಡು ಪುಸ್ತಕವನ್ನು ದೂರ ಎಸೆದ. ಹೀಗೆ ದಿಂಬಿನಡಿಯ ಕವಿಯಿಂದ ಪಾರಾದೆ ಎಂದು ಹೇಳಿಕೊಂಡು ದೊಡ್ಡ ಕಾಗದವನ್ನೂ ಬರೆದ. ಆ ಕಾಗದದಲ್ಲೂ ವರ್ಜಿಲನ ಸಾಲುಗಳಿಗೆ ಬರವಿಲ್ಲ. ಎಸೆದ ಪುಸ್ತಕವನ್ನು ಬೆಳಿಗ್ಗೆ ಎದ್ದು ಮತ್ತೆ ಹೆಕ್ಕಿಕೊಂಡಿರಬೇಕು.

ಹೆಂಗಸರು ಈ ವಿಷಯದಲ್ಲಿ ಹೆಚ್ಚು ಜಾಣರು. ಹತ್ತನೆಯ ಶತಮಾನದಲ್ಲಿ ಸ್ಯಾಕ್ಸನಿಯ ಗಾಂಡರ್ಸ್‌ಹೈಮ್ ಮಠದಲ್ಲಿದ್ದ ಹ್ರೊಟ್ಸ್‌ವಿತಾಳಿಗೆ ರೋಮಿನ ಟೆರೆನ್ಸನ ನಾಟಕಗಳ ಮೇಲೆ ಆಸೆ. ಅವುಗಳ ತುಂಬ ವಿಟರು, ವೇಶ್ಯೆಯರು. ಭಾಷೆಯ ಸವಿಗಾಗಿ ಭಕ್ತರೂ ಅವನನ್ನು ಓದುತ್ತಾರೆಂದು ನೊಂದುಕೊಂಡು, ಅದೇ ಧಾಟಿಯಲ್ಲಿ ಸಾಧ್ವಿಯರ ಕತೆಗಳ ಆರು ನಾಟಕ ಬರೆದಳು. ನೊಂದುಕೊಂಡದ್ದು ಎಷ್ಟು, ಆಸ್ವಾದಿಸಿದ್ದು ಎಷ್ಟು ಎಂಬುದು ಅವಳ ಡಲ್ಸಿಶಿಯಸ್ ನಾಟಕ ಓದಿದರೆ ತಿಳಿಯುತ್ತದೆ. ಮೂವರು ಸಾಧ್ವಿಯರನ್ನು ಕೂಡಿಹಾಕಿದ ದುಷ್ಟ ಅಧಿಕಾರಿ ರಾತ್ರಿ ಬರುತ್ತಾನೆ. ದೇವರು ಅವನ ಬುದ್ಧಿ ಮಂಕು ಮಾಡುತ್ತಾನೆ. ಪಕ್ಕದ ಅಡುಗೆಕೋಣೆಗೆ ನುಗ್ಗಿ ಕೊಪ್ಪರಿಗೆ, ಬಾಣಲೆಗಳನ್ನು ಅಪ್ಪಿ ಮುದ್ದಾಡುತ್ತಾನೆ. ಹುಡುಗಿಯರು ಸಂದಿಯಲ್ಲಿ ಇಣುಕಿ ನಗುತ್ತಾರೆ. ಮೈಯೆಲ್ಲ ಮಸಿಯಾದ ಒಡೆಯನನ್ನು ಕಂಡ ಕಾವಲಿನವರು ದೆವ್ವವೆಂದು ಓಡುತ್ತಾರೆ. ಟೆರೆನ್ಸನೇ ಕಂಡಿದ್ದರೆ ಎದ್ದು ಬಂದು ಕೈಕುಲುಕುತ್ತಿದ್ದ.

ಹನ್ನೆರಡನೆಯ ಶತಮಾನದ ಹೊತ್ತಿಗೆ ಓವಿಡ್ ಶಾಲೆಗಳಿಗೇ ಬಂದುಬಿಟ್ಟ. ಕ್ರಿ.ಶ. 8ರಲ್ಲಿ ಚಕ್ರವರ್ತಿ ಅಗಸ್ಟಸ್ ಕಪ್ಪುಸಮುದ್ರದ ದಂಡೆಗೆ ಗಡೀಪಾರು ಮಾಡಿದ್ದ ಕವಿ. ಹೆಣ್ಣನ್ನು ಒಲಿಸಿಕೊಳ್ಳುವುದು ಹೇಗೆಂದು ಪಾಠ ಬರೆದವನು. ಅವನನ್ನು ಮಠದ ಹುಡುಗರಿಗೆ ಕಲಿಸುವುದು ಹೇಗೆ? ಮೇಷ್ಟರುಗಳು ಪ್ರತಿ ಕವಿಗೂ ಒಂದು ಪೀಠಿಕೆ ಬರೆದುಕೊಂಡರು: ಕವಿಯ ಬಾಳು, ಉದ್ದೇಶ, ಪ್ರಯೋಜನ, ಕೊನೆಗೆ ಕೃತಿ ಯಾವ ಶಾಸ್ತ್ರಕ್ಕೆ ಸೇರಿದ್ದು ಎಂಬ ಪ್ರಶ್ನೆ. ಓವಿಡನ ಬಗ್ಗೆ ಉತ್ತರ ಸಿದ್ಧವಿತ್ತು – ನೀತಿಶಾಸ್ತ್ರ. ತೊರೆದುಹೋದ ನಲ್ಲರಿಗೆ ನಾಯಕಿಯರು ಬರೆದ ಅವನ ಕಾಗದಗಳ ಉದ್ದೇಶ ಪಾತಿವ್ರತ್ಯದ ಪ್ರಶಂಸೆಯಂತೆ. ಮೇಷ್ಟರ ಕೆಲಸ ಮಾಡಿದ ನನಗೆ ಆ ಪೀಠಿಕೆಯ ಕಷ್ಟ ಚೆನ್ನಾಗಿ ಗೊತ್ತು. ಮೇಲಿನವರು ಕೇಳಿದಾಗ ತೋರಿಸುವುದಕ್ಕೆ ಒಂದು ಉದ್ದೇಶ ಬೇಕೇ ಬೇಕು. ಅದನ್ನು ಬರೆದಿಟ್ಟು ಬಾಗಿಲು ಹಾಕಿಕೊಂಡರೆ ಆಮೇಲೆ ಕಾವ್ಯ ತನ್ನ ಪಾಡಿಗೆ ತಾನು ನಡೆಯುತ್ತದೆ. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಹೆಸರಿಲ್ಲದ ಫ್ರೆಂಚ್ ಕವಿಯೊಬ್ಬ ಓವಿಡನ ರೂಪಾಂತರ ಕಥೆಗಳನ್ನೆಲ್ಲ ಸುಮಾರು 72,000 ಸಾಲುಗಳಲ್ಲಿ ಹಿಗ್ಗಿಸಿ, ಒಂದೊಂದಕ್ಕೂ ಕ್ರೈಸ್ತ ಅರ್ಥ ಹೊಲಿದುಕೊಟ್ಟ. ಸ್ನಾನ ಮಾಡುತ್ತಿದ್ದ ದೇವತೆಯನ್ನು ಕಂಡು, ಜಿಂಕೆಯಾಗಿ, ತನ್ನ ನಾಯಿಗಳಿಂದಲೇ ಸೀಳಿಸಿಕೊಂಡ ಬೇಟೆಗಾರ ಆಕ್ಟಿಯಾನ್ ಯಾರು? ತನ್ನವರಿಂದಲೇ ಹತನಾದ ಕ್ರಿಸ್ತ. ಲಿಸೆಂಟಿಯಸನ ಆ ಪಿರಮಸ್ ಯಾರು? ಅವನೂ ಕ್ರಿಸ್ತನೇ, ಥಿಸ್ಬೆ ಮನುಷ್ಯನ ಆತ್ಮ, ಅವರ ಕತೆಯಲ್ಲಿ ಬರುವ ಸಿಂಹ ಸೈತಾನ. ಇಷ್ಟು ಶ್ರಮಪಟ್ಟು ಒಬ್ಬನನ್ನು ಒಳ್ಳೆಯವನನ್ನಾಗಿ ಮಾಡಬೇಕಾದರೆ ಅವನ ಮೇಲೆ ಎಂಥ ಮೋಹವಿದ್ದಿರಬೇಕು!

ನೆಪವೇ ಬೇಡವಾದ ಒಂದು ಗಳಿಗೆಯೂ ಈ ಚರಿತ್ರೆಯಲ್ಲಿದೆ. ಪ್ಯಾರಿಸ್ಸಿನ ಪಂಡಿತ ಅಬೆಲಾರ್ಡ್ ಮತ್ತು ಅವನ ಶಿಷ್ಯೆ ಹೆಲೊಯಿಸ್ ಪ್ರೀತಿಸಿ, ಗುಟ್ಟಾಗಿ ಮದುವೆಯಾಗಿ, ಅವಳ ಸೋದರಮಾವನ ಕಡೆಯವರು ಅವನ ಪುರುಷತ್ವವನ್ನೇ ಕತ್ತರಿಸಿ, ಕೊನೆಗೆ ಅವನ ಮಾತಿನಂತೆ ಅವಳು ಆರ್ಜಾಂತಯಿ ಮಠದಲ್ಲಿ ಸನ್ಯಾಸ ತೆಗೆದುಕೊಳ್ಳಬೇಕಾಯಿತು. ಎಳೆಯ ಪ್ರಾಯದವಳು. ಪೀಠದ ಮೇಲೆ ಬಿಷಪ್ಪನ ಆಶೀರ್ವಾದ ಪಡೆದ ಮುಸುಕು ಕಾಯುತ್ತಿದೆ, ಸುತ್ತ ನಿಂತವರು ಬೇಡ ಬೇಡವೆಂದು ತಡೆಯುತ್ತಿದ್ದಾರೆ. ಆಗ ಅವಳ ಬಾಯಿಗೆ ಬಂದದ್ದು ಕೀರ್ತನೆಯಲ್ಲ. ರೋಮಿನ ಲೂಕನ್ ಕವಿಯ ಕಾವ್ಯದಲ್ಲಿ, ಯುದ್ಧ ಸೋತು ಬಂದ ಪಾಂಪೆಯ ಮುಂದೆ ಅವನ ಹೆಂಡತಿ ಕಾರ್ನೀಲಿಯಾ, ನಾನು ಕೈಹಿಡಿದದ್ದೇ ನಿನಗೆ ಕೇಡಾಯಿತು, ಆ ತಪ್ಪಿಗೆ ನನ್ನನ್ನೇ ದಂಡವಾಗಿ ತೆಗೆದುಕೋ ಎನ್ನುವ ಮಾತುಗಳಿವೆ. ಬಿಕ್ಕುತ್ತ ಅವನ್ನು ಹೇಳಿಕೊಂಡೇ ಅವಳು ಪೀಠದತ್ತ ನಡೆದು ಮುಸುಕು ಎತ್ತಿಕೊಂಡಳು. ಅಬೆಲಾರ್ಡನೇ ಇದನ್ನು ಬರೆದಿಟ್ಟಿದ್ದಾನೆ. ಪೇಗನ್ ಪದ್ಯವನ್ನು ಇಗರ್ಜಿಯಲ್ಲಿ ಹೇಳಬಹುದೇ ಎಂದು ಆ ಹೊತ್ತು ಯಾರೂ ಕೇಳಿದಂತಿಲ್ಲ. ಈ ಭಾಗ ಬಂದಾಗ ಫಾದರ್ ಕನ್ನಡಕ ತೆಗೆದು ಒರೆಸುತ್ತ, ಕಾಫಿ ಆರಿತು, ಕುಡಿ ಎನ್ನುತ್ತಿದ್ದರು.

ಇಂಥ ಪ್ರೀತಿಯಿಂದಾಗಿಯೇ ಆ ಕವಿಗಳು ಇಂದು ನಮಗೆ ಉಳಿದಿರುವುದು. ಚರ್ಮದ ಹಾಳೆಯ ಮೇಲೆ, ಚಳಿಗೆ ಬೆರಳು ಮರಗಟ್ಟುತ್ತಿರಲು, ಅವರನ್ನು ಪ್ರತಿ ಮಾಡಿ ಕಾಪಾಡಿದವರು ಹೆಚ್ಚಾಗಿ ಈ ಸನ್ಯಾಸಿಗಳೇ. ಪ್ರೇಮಕವಿ ಕ್ಯಾಟಲಸ್ ಬಹುಮಟ್ಟಿಗೆ ಉಳಿದದ್ದು ವೆರೋನಾದಲ್ಲಿ 1300ರ ಆಸುಪಾಸಿನಲ್ಲಿ ಕಾಣಿಸಿಕೊಂಡು, ಆಮೇಲೆ ಮಾಯವಾದ ಒಂದೇ ಒಂದು ಹಸ್ತಪ್ರತಿಯಿಂದ. ಅದಕ್ಕೂ ಮುಂಚೆ, 966ರಲ್ಲಿ, ಅದೇ ಊರಿನ ಬಿಷಪ್ ರಾಥರ್ ತಾನು ಅವನನ್ನು ಓದಿದೆನೆಂದು ಪ್ರವಚನದಲ್ಲಿ ಒಪ್ಪಿಕೊಂಡಿದ್ದ. ಎಲ್ಲ ಪುಸ್ತಕಗಳಿಗೂ ಈ ಭಾಗ್ಯವಿರಲಿಲ್ಲ, ಚರ್ಮ ದುಬಾರಿ. ಇಟಲಿಯ ಬೊಬ್ಬಿಯೊ ಮಠದವರು ಸಿಸೆರೊನ ರಾಜ್ಯಶಾಸ್ತ್ರದ ಹಾಳೆಗಳನ್ನು ಕೆರೆದು, ಅದರ ಮೇಲೆ ಅಗಸ್ಟಿನನ ಕೀರ್ತನೆಗಳ ವ್ಯಾಖ್ಯಾನ ಬರೆದರು. 1819ರಲ್ಲಿ ವ್ಯಾಟಿಕನ್ನಿನ ಗ್ರಂಥಪಾಲ ಆಂಜೆಲೊ ಮಾಯ್ ಕಣ್ಣಿಗೆ ಅಡಿಯ ಅಕ್ಷರಗಳು ಬಿದ್ದವು, 1822ರಲ್ಲಿ ಅಚ್ಚಾದವು. ಮೇಲೆ ಅಗಸ್ಟಿನ್, ಅಡಿಯಲ್ಲಿ ಸಿಸೆರೊ. ಇವರ ಎದೆಯೊಳಗಿನ ವ್ಯವಸ್ಥೆಯೂ ಇದೇ ಆಗಿತ್ತಲ್ಲ, ಅದನ್ನು ಚರ್ಮದ ಮೇಲೂ ಮಾಡಿಟ್ಟರು.

ಉಳಿದದ್ದು ದೊಡ್ಡ ಸಂಕಟ. ಕವಿತೆಯನ್ನೇನೋ ಹೇಗೋ ಉಳಿಸಿಕೊಂಡದ್ದಾಯಿತು, ಕವಿಯನ್ನು? ಇವರ ನಂಬಿಕೆಯ ಲೆಕ್ಕದಲ್ಲಿ ದೀಕ್ಷಾಸ್ನಾನವಿಲ್ಲದವನಿಗೆ ಸ್ವರ್ಗವಿಲ್ಲ. ಕ್ರಿ.ಪೂ. 40ರ ಹೊತ್ತಿಗೆ ವರ್ಜಿಲ್ ಒಂದು ಗೋಪಗೀತೆಯಲ್ಲಿ ಮಗುವಿನ ಜನನದೊಂದಿಗೆ ಹೊಸ ಯುಗ ಹುಟ್ಟುತ್ತದೆ ಎಂದು ಹಾಡಿದ್ದನ್ನು ಹಿಡಿದುಕೊಂಡು, ಅದು ಕ್ರಿಸ್ತನ ಭವಿಷ್ಯವಾಣಿಯೇ ಎಂದು ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದಿಂದ ಹೇಳುತ್ತ ಬಂದರು. ಸಿಡುಕಿನ ಜೆರೋಮ್ ಮಾತ್ರ ಇದು ಹುಡುಗಾಟ ಎಂದ. ನೇಪಲ್ಸಿನ ಜನರಂತೂ ವರ್ಜಿಲನನ್ನು ಮಾಂತ್ರಿಕನನ್ನಾಗಿಯೇ ಮಾಡಿ, ಊರಿನ ನೊಣಗಳನ್ನೆಲ್ಲ ಓಡಿಸುವ ನೊಣವೊಂದನ್ನು ಅವನು ಮಾಡಿಟ್ಟಿದ್ದನೆಂದು ನಂಬಿದರು. ಅವನದೆನ್ನುವ ಸಮಾಧಿಯೂ ಅಲ್ಲೇ ಇದೆ. ರೋಮಿಗೆ ಹೋಗುವ ದಾರಿಯಲ್ಲಿ ಸಂತ ಪೌಲ ಆ ಸಮಾಧಿಗೆ ಬಂದು, ಬದುಕಿದ್ದಾಗ ಕೈಗೆ ಸಿಗಲಿಲ್ಲವಲ್ಲ ಎಂದು ಕಣ್ಣೀರಿಟ್ಟನೆಂಬ ಹಾಡನ್ನು ಕವಿಯ ತವರಾದ ಮಾಂಟುವಾದಲ್ಲಿ ಪೌಲನ ಹಬ್ಬದ ಪೂಜೆಯಲ್ಲಿ ಹಾಡುತ್ತಿದ್ದರಂತೆ. ಪೌಲನಿಗೆ ಸಿಗಬೇಕಾಗಿದ್ದರೆ ವರ್ಜಿಲ್ ನೂರಮೂವತ್ತರ ಹತ್ತಿರ ಬದುಕಬೇಕಾಗಿತ್ತು. ಆದರೆ ಹಾಡುವವರಿಗೆ ವಯಸ್ಸಿನ ಲೆಕ್ಕ ಯಾಕೆ, ಯಾರಾದರೂ ಒಬ್ಬರು ಅವನಿಗಾಗಿ ಅಳಬೇಕಾಗಿತ್ತು, ಅಷ್ಟೆ.

ಈ ಸಂಕಟಕ್ಕೆ ಕೊನೆ ಹಾಡಬಹುದಾಗಿದ್ದವನು ಇಟಲಿಯ ಮಹಾಕವಿ ಡಾಂಟೆ. ಅವನ ಮಹಾಕಾವ್ಯದಲ್ಲಿ ನರಕದಿಂದ ಶುದ್ಧೀಕರಣದ ಬೆಟ್ಟದ ತುದಿಯವರೆಗೂ ಅವನನ್ನು ಕೈಹಿಡಿದು ನಡೆಸುವವನು ವರ್ಜಿಲನೇ. ಕಾವ್ಯ ಡಾಂಟೆಯದು, ಯಾರನ್ನು ಎಲ್ಲಿ ಕೂರಿಸುವುದೆಂಬ ಅಧಿಕಾರವೂ ಅವನದೇ. ಅದನ್ನು ಧಾರಾಳವಾಗಿ ಬಳಸಿಯೂ ಬಳಸಿದ. ಆತ್ಮಹತ್ಯೆ ಮಾಡಿಕೊಂಡ ಪೇಗನ್ ಕ್ಯಾಟೋನನ್ನು ಆ ಬೆಟ್ಟದ ಕಾವಲಿಗೆ ನಿಲ್ಲಿಸಿದ. ಸ್ಟೇಷಿಯಸ್ ಕವಿ ವರ್ಜಿಲನ ಗೋಪಗೀತೆ ಓದಿಯೇ ಗುಟ್ಟಾಗಿ ಕ್ರೈಸ್ತನಾದನೆಂದು ಕತೆ ಕಟ್ಟಿ ಅವನನ್ನೂ ಮೇಲೆ ಹತ್ತಿಸಿದ. ಸ್ವರ್ಗದಲ್ಲಿ ರಿಫಿಯಸ್ ಎಂಬವನನ್ನು ಕೂರಿಸಿದ. ಯಾರು ಈ ರಿಫಿಯಸ್? ಈನಿಯಡ್ ಕಾವ್ಯದ ಎರಡನೆಯ ಕಾಂಡದಲ್ಲಿ, ಟ್ರಾಯ್ ಉರಿಯುತ್ತಿರುವಾಗ, ಬಂದು, ಕಾದಾಡಿ, ಸತ್ತುಹೋಗುವ ಒಬ್ಬ ಸಿಪಾಯಿ. ಟ್ರಾಯಿನವರಲ್ಲೆಲ್ಲ ನ್ಯಾಯವಂತ ಎಂದು ವರ್ಜಿಲ್ ಅವನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿದ್ದ. ಆ ಒಂದು ಮಾತಿನ ಬಲದಿಂದ ಅವನು ಸ್ವರ್ಗಕ್ಕೆ ಹೋದ. ಮಾತು ಹೇಳಿದವನು ಬೆಟ್ಟದ ತುದಿಯಲ್ಲಿ, ಡಾಂಟೆ ಪ್ರೀತಿಸಿದ ಬಿಯಾಟ್ರಿಸ್ ಬರುವ ಹೊತ್ತಿಗೆ, ಹೇಳದೆ ಕೇಳದೆ ಹಿಂದಿರುಗಿ ನರಕದ ಅಂಚಿನ ತನ್ನ ಜಾಗಕ್ಕೆ ಹೋಗಬೇಕಾಯಿತು.

“ಬರೆದವ ಹೊರಗೆ, ಬರೆಸಿಕೊಂಡವ ಒಳಗೆ,” ಎಂದರು ಫಾದರ್. “ಮೇಷ್ಟ್ರು ಫೇಲು, ಹುಡುಗ ಪಾಸು. ನಿನಗೆ ಗೊತ್ತಾಗಬೇಕಲ್ಲ, ನೀನೂ ಮೇಷ್ಟ್ರೇ.”

“ಡಾಂಟೆ ಮನಸ್ಸು ಮಾಡಿದ್ದರೆ ಆಗುತ್ತಿರಲಿಲ್ಲವೇ ಫಾದರ್?”

“ಆಗುತ್ತಿತ್ತು ಮಾರಾಯ. ಅವನು ಸುಳ್ಳು ಹೇಳಬೇಕಿತ್ತು. ಬೇರೆಯವರ ವಿಷಯದಲ್ಲಿ ಹೇಳಿದ. ಇವನ ವಿಷಯದಲ್ಲಿ ಬಾಯಿ ಬರಲಿಲ್ಲ ಕಾಣುತ್ತದೆ.”

ಡಾಂಟೆಯನ್ನು ನಾನು ಪೂರ್ತಿ ಕ್ಷಮಿಸಿಲ್ಲ. ಅಷ್ಟು ಪ್ರೀತಿಯವನನ್ನು ಅಷ್ಟು ನಿಷ್ಠುರವಾಗಿ ಬಿಟ್ಟುಬರುವುದು ಮಹಾಕವಿಗಳಿಗೆ ಸಾಧ್ಯವಾದೀತು. ನಮ್ಮಂಥವರು ಯಾವುದೋ ಕಾಗದದಲ್ಲಿ ಹುಟ್ಟಿದ ತಾರೀಕು ತಿದ್ದಿಯಾದರೂ ಒಳಗೆ ಸೇರಿಸುತ್ತಿದ್ದೆವು. ಓವಿಡನ ವಿಷಯದಲ್ಲಿ ಹಾಗೆ ತಿದ್ದಿದವರೂ ಇದ್ದರು. ಹದಿಮೂರನೆಯ ಶತಮಾನದಲ್ಲಿ ಅವನ ಹೆಸರಿನಲ್ಲೇ ಒಂದು ಕಾವ್ಯ ಹುಟ್ಟಿಸಿ, ಅದು ಅವನ ಗೋರಿಯಲ್ಲಿ ಸಿಕ್ಕಿತೆಂದು ಹೇಳಿ, ಅದರ ಕೊನೆಯಲ್ಲಿ ಅವನ ಬಾಯಿಂದಲೇ ಕನ್ಯೆ ಮರಿಯಳ ಸ್ತುತಿ ಮಾಡಿಸಿಬಿಟ್ಟರು.

ಅವನ ಗೋರಿಯದೇ ಇನ್ನೊಂದು ಕತೆಯೂ ಆ ಕಾಲದಲ್ಲಿತ್ತು. ಚರ್ಚಿನ ವಿದ್ಯಾರ್ಥಿಗಳಿಬ್ಬರು ಅಲ್ಲಿಗೆ ಹೋಗಿ, ನಿನ್ನ ಸಾಲುಗಳಲ್ಲಿ ಅತ್ಯುತ್ತಮವಾದದ್ದು ಯಾವುದು ಎಂದು ಕೇಳಿದರು. ಒಳಗಿನಿಂದ ದನಿ ಬಂದು, ಸಂಯಮವನ್ನು ಹೊಗಳುವ ಒಂದು ಸಾಲು ಹೇಳಿತು. ಅತಿ ಕೆಟ್ಟದ್ದು ಯಾವುದೆಂದಾಗ, ಸುಖ ಕೊಡುವುದೆಲ್ಲ ಧರ್ಮವೇ ಎಂಬರ್ಥದ ಇನ್ನೊಂದು ಸಾಲು ಹೇಳಿತು. ಇಷ್ಟು ವಿವೇಕ ಇರುವ ಆತ್ಮ ನರಕದಲ್ಲಿ ಬೇಯುವುದೇ ಎಂದು ಹುಡುಗರ ಕರುಳು ಚುರುಕ್ಕೆಂದಿತು. ಮೊಣಕಾಲೂರಿ, ಅವನ ಸದ್ಗತಿಗಾಗಿ ಪರಲೋಕ ಮಂತ್ರ ಆರಂಭಿಸಿದರು. ಗೋರಿಯೊಳಗಿನ ದನಿ ತಡೆಯಿತು. ನಿಮ್ಮ ಪ್ರಾರ್ಥನೆ ನನಗೆ ಬೇಡ, ದಾರಿಹೋಕರೇ ನಿಮ್ಮ ದಾರಿ ನೀವು ಹಿಡಿಯಿರಿ ಎಂದಿತು, ಅದೂ ಛಂದಸ್ಸು ಕೆಡದ ಹಾಗೆ.

ಕತೆ ಅಲ್ಲಿಗೆ ನಿಲ್ಲುತ್ತದೆ. ಹುಡುಗರು ಏನು ಮಾಡಿದರೆಂದು ಬರೆದವನು ಹೇಳುವುದಿಲ್ಲ. ಮೊಣಕಾಲಿನ ಮಣ್ಣು ಕೊಡವಿಕೊಂಡು ಎದ್ದಿರಬೇಕು, ಮುಖ ಸಣ್ಣದಾಗಿರಬೇಕು. ಸ್ವಲ್ಪ ದೂರ ಹೋಗಿ, ಅವನಿಗೆ ಕೇಳಿಸದು ಎಂದು ಖಾತ್ರಿಯಾದ ಮೇಲೆ, ಅರ್ಧಕ್ಕೆ ನಿಂತ ಪ್ರಾರ್ಥನೆಯನ್ನು ಪೂರ್ತಿ ಮಾಡಿಯೇ ಇರುತ್ತಾರೆಂದು ನನ್ನ ಗುಮಾನಿ.